ಬಸವನ ಮಂಡಿ ಒಣಗಿತ್ತು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್,
೨೨ ಸೆಪ್ಟೆಂಬರ್ ೨೦೨೫, ಸೋಮವಾರ

ದಾನಿಶ್,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದೆ. ತಿರುಪ್ಪೂರಿನಿಂದ ನಿನಗೆ ಎಷ್ಟು ವಾಯ್ಸ್ ಮೆಸೇಜ್ ಕಳಿಸಿದೆನೋ ನನಗೇ ಗೊತ್ತಿಲ್ಲ. ಬನಿಯನ್ ಕಂಪನಿಯಲ್ಲಿ ಶಿಫ್ಟ್ ಮುಗಿಸಿ ಬಂದು ರೂಮಿನ ತಾರಸಿ ಮೇಲೆ ಅತ್ತಿಂದಿತ್ತ ತಿರುಗುತ್ತ ಮಾತಾಡುತ್ತಿದ್ದೆ. ಎಲ್ಲಕ್ಕೂ ಒಂದೇ ಟಿಕ್. ನೀನು ಬ್ಲಾಕ್ ಮಾಡಿದ್ದೀಯ ಅಂತ ಹೊಳೆಯಲು ಆರು ತಿಂಗಳು ಬೇಕಾಯಿತು. ಅದಕ್ಕೇ ಈ ಕಾಗದ. ಹರಿಯುವುದಾದರೆ ಪೂರ್ತಿ ಓದಿ ಹರಿ.

ಮಾರ್ಲಾಮಿಗೆ ಅಂತ, ಹಿರಿಯರಿಗೆ ಎಡೆ ಇಡಲು ಊರಿಗೆ ಬಂದಿದ್ದೆ. ನಿನ್ನೆ ಸಂಜೆ ಹೊಳೆ ಕಡೆ ನಡೆದುಕೊಂಡು ಹೋದೆ, ಮೂರು ವರ್ಷದಲ್ಲಿ ಇದೇ ಮೊದಲು. ಎಷ್ಟು ಚೆನ್ನಾಗಿದೆ ಗೊತ್ತಾ ಈಗ, ನೋಡಿದರೆ ಮೈ ಉರಿಯುತ್ತದೆ. ಎತ್ತರಕ್ಕೆ ಹೊಸ ಸೇತುವೆ ಬಂದಿದೆ. ಕೆಳಗಿನ ಹಳೇದರ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಕೂತಿದ್ದವು. ಹೊಂಗೆ ಮರದಡಿ ಸಿಮೆಂಟ್ ಬೆಂಚು. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಚಾಮರಾಜನಗರದಿಂದ ಒಂದು ಜೋಡಿ ಬಂದಿತ್ತು. ನಿಮ್ಮಪ್ಪನ ಗಾಡಿ ನೀರಿಗೆ ಉರುಳಿತಲ್ಲ, ಸರಿಯಾಗಿ ಅಲ್ಲೇ ನಿಂತು ಆ ಹುಡುಗಿ ನಕ್ಕಳು. ‘ಇನ್ನೊಂಚೂರು ಇಂದಕ್ಕೋಗಿ ಮೇಡಂ, ನೀರು ಚೆಂದಾಗ್ ಬತ್ತದೆ’ ಅಂತ ಫೋಟೋದವನು ಹೇಳುತ್ತಿದ್ದ.

ದಡದಲ್ಲಿ ಊರಿನವರು ಸ್ಮಾರಕದ ಕಲ್ಲು ನಿಲ್ಲಿಸಿದ್ದಾರೆ. ಐದು ಹೆಸರು. ಐವರೂ ಓಣಂಗೆ ಮುಂಚಿನ ಆ ವಾರ ನಮ್ಮ ಹೊಲದ ಚೆಂಡುಹೂ ಕೊಯ್ಯಲು ಹೊರಟ ಹೆಂಗಸರು. ಮೇಲಿನದು ಮಹಾಲಕ್ಷ್ಮಮ್ಮನ ಹೆಸರು. ಹಬ್ಬಕ್ಕೆ ಕಲ್ಲಿನ ಮುಂದೆ ಐದು ಎಲೆ ಹಾಕಿ, ಎಡೆ ಇಟ್ಟು, ಸೀರೆ ಮಡಿಸಿಟ್ಟಿದ್ದರು. ಗಾಡಿ ಓಡಿಸುತ್ತಿದ್ದ, ಅವರ ಜೊತೆಗೇ ಸತ್ತ ನಿಮ್ಮಪ್ಪ ಹುಸೇನ್ ಚಾಚಾ ಹೆಸರು ಕಲ್ಲಿನ ಮೇಲೆ ಇಲ್ಲ, ಅವರಿಗೆ ಅಂತ ಒಂದು ಎಲೆಯೂ ಇಲ್ಲ. ಕಲ್ಲು ಕೆತ್ತಿಸುವಾಗ ಯಜಮಾನ ಲಿಂಗಯ್ಯ ಅಂದ ಮಾತು ನಿನಗೂ ನೆನಪಿರಬೇಕು. ‘ಕೊಂದೋನ್ ಹೆಸ್ರ ಯಾರ್ಲಾ ಕೆತ್ತಿಸ್ತಾರೆ?’ ನೀನು ನನ್ನ ಮುಖ ನೋಡಿದೆ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ನೀನು ನನ್ನನ್ನು ಬಿಟ್ಟಿದ್ದು ಆವತ್ತು.

ಚಾಚಾ ಕುಡಿದಿದ್ದರು ಅಂದರು, ನಿದ್ದೆಗಣ್ಣಲ್ಲಿದ್ದರು ಅಂದರು. ಚಾಲಕನ ನಿರ್ಲಕ್ಷ್ಯ ಅಂತ ಕಡತದಲ್ಲಿ ಕೂತಿತು. ಅದು ಸುಳ್ಳು ಅಂತ ಇಡೀ ಊರಿಗೆ ಗೊತ್ತು ಕಣ್ಲಾ.

ಹೊಳೆ ದಡದ ಕಲ್ಲು ಬಸವಣ್ಣ ನಮ್ಮ ತಾತಂದಿರ ಕಾಲದಿಂದ ನೀರಿನ ಅಳತೆಗೋಲು. ಬಸವನ ಮಂಡಿ ನೆನೆದರೆ ನಿಲ್ಲು, ಮಂಡಿ ಒಣಗಿದ್ದರೆ ಹೋಗು. ಎಮ್ಮೆ ಹೊಡೆಯುವವನಿಂದ ಹಿಡಿದು ಹೂವಿನ ಗಾಡಿಯವನ ತನಕ ಎಲ್ಲರೂ ನೋಡುತ್ತಿದ್ದದ್ದು ಅದನ್ನೇ. ಆ ವರ್ಷ ಶಿವರಾತ್ರಿಗೆ, ಬಸವಣ್ಣ ಕೆಸರಲ್ಲಿ ಕೂತಿದ್ದಾನೆ ಅಂತ ನಮ್ಮಪ್ಪ ಅವನನ್ನು ಎತ್ತಿಸಿ ಸಿಮೆಂಟ್ ಕಟ್ಟೆ ಮೇಲೆ ಕೂರಿಸಿದರು. ಗಾರೆ ಚೆಲುವಯ್ಯ ಕಟ್ಟಿದ್ದು. ಒಂದೂವರೆ ಅಡಿ. ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು ನಾನು. ಭಕ್ತಿಯಿಂದ ಸೇವೆ ಮಾಡಿಸಿದವರು ಪುಟ್ಟಬಸಪ್ಪನವರು ಅಂತ ಕಟ್ಟೆಗೆ ಬರೆಸಿದ್ದೂ ಆಯಿತು. ಬಸವನ ಜೊತೆ ಅಳತೆಯೂ ಮೇಲೆ ಹೋಯಿತು ಅಂತ ಒಬ್ಬನಿಗೂ ಹೊಳೆಯಲಿಲ್ಲ.

ಅದಾದ ಮೇಲೆ ಬಂದ ಮೊದಲ ನೀರು ಅದು. ಕಟ್ಟೆ ಪೂರ್ತಿ ಮುಳುಗಿತ್ತು, ಬಸವ ಮಾತ್ರ ಕಾಣುತ್ತಿದ್ದ. ಚಾಚಾ ಗಾಡಿ ನಿಲ್ಲಿಸಿ, ಇಳಿದು, ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದರು. ಮಂಡಿ ಒಣಗಿತ್ತು. ಆದರೂ ಅವರಿಗೆ ಅನುಮಾನ. ಹಿಂದೆ ಕೂತಿದ್ದ ಮಹಾಲಕ್ಷ್ಮಮ್ಮ ‘ಬಸವಣ್ಣನೇ ಸೈ ಅಂದವ್ನೆ, ನಡಿಯಪ್ಪಾ ಉಸೇನಣ್ಣ, ನಿನ್ ಗಾಡಿಗೇನ್ ನೆಗಡಿ ಆದದಾ?’ ಅಂದಳು. ಎಲ್ಲರೂ ನಕ್ಕರು. ಚಾಚಾ ದಡದಲ್ಲಿ ನಿಂತಿದ್ದ ಒಬ್ಬನನ್ನು ಕೇಳಿದರು. ಅವನು ಹೋಗಿ ಅಂದ. ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಈಗಲೇ ಕೇಳಬೇಡ.

ಈ ಕವರಿನಲ್ಲಿ ಒಂದು ಫೋಟೋ ಇದೆ. ಐದನೇ ಕ್ಲಾಸಿನಲ್ಲಿ ನಾವಿಬ್ಬರೂ ಬಸವನ ಪಕ್ಕ ನಿಂತದ್ದು, ನಿಮ್ಮಪ್ಪನೇ ತೆಗೆದದ್ದು. ಅವನ ಹೆಗಲ ಮೇಲಿನ ಹಿಣಿಲು ನಮ್ಮ ಎದೆಗೆ ಬರುತ್ತಿದೆ ನೋಡು. ನಿನ್ನೆ ಕಟ್ಟೆಯ ಕೆಳಗೆ ಅದೇ ಜಾಗದಲ್ಲಿ ನಿಂತುಕೊಂಡೆ. ನಾನು ಇಷ್ಟುದ್ದ ಬೆಳೆದಿದ್ದೇನೆ, ಹಿಣಿಲು ಇನ್ನೂ ನನ್ನ ಎದೆಗೇ ಇದೆ. ಅಲ್ಲೇ ಬೆಂಚಿನ ಮೇಲಿದ್ದ ಲಿಂಗಯ್ಯನಿಗೆ ಫೋಟೋ ತೋರಿಸಿದೆ. ‘ಬಸವಣ್ಣ ಬೆಳ್ದವ್ನೆ ಬುಡ್ಲಾ’ ಅಂದು ಎಲೆಅಡಿಕೆ ಉಗಿದ.

ಮನೆಗೆ ಬಂದು ಅಪ್ಪನಿಗೂ ತೋರಿಸಿದೆ. ‘ದ್ಯಾವ್ರನ್ನ ಕೆಸರಿಂದ ಎತ್ತಿದ್ ತಪ್ಪೇನ್ಲಾ?’ ಅಂದರು. ಎತ್ತಿದ್ದಲ್ಲ, ಆಮೇಲೆ ಬಾಯಿ ಮುಚ್ಚಿಕೊಂಡದ್ದು ಅಂದೆ. ‘ಸತ್ತೋನ್ ಎದ್ ಬತ್ತನಾ? ನೀನ್ ತಿರುಪ್ಪೂರ್ ಬಸ್ ಅತ್ತು’ ಅಂದರು. ಅಮ್ಮ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ನಮ್ಮ ಮನೆಯಲ್ಲಿ ಮಾತು ಮುಗಿಯುವುದೇ ಹಾಗೆ.

ಫೋಟೋ ಜೊತೆ ನನ್ನ ಹೇಳಿಕೆಯೂ ಇದೆ. ಕಟ್ಟೆ ಯಾವಾಗ ಕಟ್ಟಿದ್ದು, ಎಷ್ಟು ಎತ್ತರ, ಕಟ್ಟಿಸಿದವರು ಯಾರು, ಎಲ್ಲ ಬರೆದು ಸಹಿ ಹಾಕಿದ್ದೇನೆ. ಬೆಳಿಗ್ಗೆ ನಾನೇ ಪೊಲೀಸ್ ಸ್ಟೇಷನ್‌ಗೆ ಕೊಡಬೇಕು ಅಂತ ಹೊರಟೆ. ಎದುರಿನ ಅಂಗಡಿಯಲ್ಲಿ ಮೂರು ಟೀ ಕುಡಿದು ಎದ್ದು ಬಂದೆ. ನಿನ್ನ ಗ್ಯಾರೇಜ್ ಇಲ್ಲಿಂದ ಐದು ನಿಮಿಷ, ಅಲ್ಲಿಗೂ ಬರಲಿಲ್ಲ. ಕೊಡುವುದು, ಸುಡುವುದು ನಿನಗೆ ಬಿಟ್ಟದ್ದು. ನೋಡು, ಈ ಭಾರವನ್ನೂ ನಿನ್ನ ತಲೆಗೇ ಕಟ್ಟಿ ಹೊರಟಿದ್ದೇನೆ. ನಿಮ್ಮ ಹಮೀದಾ ಅಮ್ಮನಿಗೆ ಓದಿ ಹೇಳುವುದಾದರೆ ಇಲ್ಲಿಗೆ ನಿಲ್ಲಿಸು. ಕೆಳಗಿನದು ನಿನಗೆ ಮಾತ್ರ.

ಹಿಂದೆ ನಿನ್ನ ಗೆಳೆಯನಾಗಿದ್ದ
ಸೋಮೇಶ

ಮರೆತ ಮಾತು: ಮರೆತದ್ದಲ್ಲ. ದಡದಲ್ಲಿ ನಿಂತಿದ್ದವನು ನಾನು. ಹೂವಿಗೆ ಖಾಲಿ ಚೀಲ ತಂದಿದ್ದೆ, ಕೈಯಲ್ಲಿ ಮೊಬೈಲ್ ಇತ್ತು. ಚಾಚಾ ಕೇಳಿದಾಗ ಒಂದು ಸಲ ಬಸವನ ಕಡೆ ನೋಡಿದೆ. ಟೇಪ್ ಹಿಡಿದಿದ್ದ ನನಗೇ ಆ ಒಂದೂವರೆ ಅಡಿ ನೆನಪಾಗಲಿಲ್ಲ. ‘ಮಂಡಿ ಒಣಗದೆ, ಓಗಿ ಚಾಚಾ’ ಅಂದೆ. ಈ ಮಾತು ಹೇಳಿಕೆಯಲ್ಲಿ ಇಲ್ಲ. ಬರೆದಿದ್ದೆ, ಆ ಹಾಳೆ ಹರಿದು ಹಾಕಿದೆ. ಚಾಚಾ ಗಾಡಿ ಹತ್ತುವಾಗ ನನ್ನ ಬೆನ್ನು ತಟ್ಟಿ ಅಂದದ್ದು ಇಷ್ಟು: ‘ನೀನ್ ಏಳ್ದ್ ಮ್ಯಾಲೆ ಇನ್ನೇನಪ್ಪಾ.’