ಭುಲು ದಾಟದ ಹೊಸ್ತಿಲು

ತ್ರಿವಿಕ್ರಮ,

ಇದು ನಿನಗೆ ತಲುಪುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಗು ಹೊಟ್ಟೆಯಲ್ಲೇ ಹೋದ ಮೇಲೆ ನೀನು ಕೋಲ್ಕತ್ತ ಬಿಟ್ಟು ಉಡುಪಿಗೆ ಹೊರಟೆ. ನಾನು ತಡೆಯಲಿಲ್ಲ.

ಇವತ್ತು ಕೆಳಮನೆಯ ಕಾಕಿಮಾ ಬಂದು, "ಮುಕ್ತಾ, ಮಗುವಿನ ಕೋಣೆಯ ಬಾಗಿಲು ತೆಗಿಯಮ್ಮಾ, ಗಾಳಿಯಾಡಲಿ" ಎಂದರು. ತೆಗೆದೆ. ಅವರು ಹೋದ ಮೇಲೆ, ನೀನು ಎಸ್ಪ್ಲನೇಡಿನ ಅಂಗಡಿಯಿಂದ ಹೊತ್ತು ತಂದ ತೊಟ್ಟಿಲ ಪಕ್ಕ ಕುಳಿತು ಅತ್ತೆ. ಬಾಗಿಲಲ್ಲಿ ಬಾಲವಾಡಿಸುತ್ತ ನಿಂತಿದ್ದ ಭುಲುವನ್ನು ಕರೆದೆ. ಬರಲಿಲ್ಲ. ಮಗುವಿನ ಕೋಣೆಗೆ ನಾಯಿ ನುಗ್ಗಬಾರದೆಂದು ನೀನು ತಿಂಗಳುಗಟ್ಟಲೆ ಕಲಿಸಿದ್ದೆಯಲ್ಲ! ಬಿಸ್ಕತ್ತು ತೋರಿಸಿದೆ, ಬೇಡಿಕೊಂಡೆ. ಕುಂಯ್‌ಗುಟ್ಟುತ್ತ ಹೊಸ್ತಿಲ ಮೇಲೆ ಮೂತಿಯಿಟ್ಟು ಮಲಗಿದ, ಒಳಗೆ ಮಾತ್ರ ಕಾಲಿಡಲಿಲ್ಲ.

ಕೊನೆಗೆ ನಾನೇ ಎದ್ದು ಬಂದು ಅವನ ಪಕ್ಕ ನೆಲದ ಮೇಲೆ ಮಲಗಿದೆ. ಕಲಿತದ್ದನ್ನು ಮರೆಯುವುದು ಹೇಗೆಂದು ನೀನು ನಮ್ಮಿಬ್ಬರಿಗೂ ಹೇಳಿಕೊಟ್ಟು ಹೋಗಲಿಲ್ಲ.