ವೇದಿಕೆಗೆ ಕಳಿಸಿದ ದೊಡ್ಡ ದಾರುಮ

ತಕಾಸಾಕಿ
ಡಿಸೆಂಬರ್ ೧೫, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ವೇದಿಕೆಯ ಮೇಲೆ ನಿಂತಿರುವ ನಿನಗೆ ಚಾಪೆಯ ಮೇಲೆ ಕೂತಿರುವ ತಂಗಿ ಟೊಕಿಯೆಯ ನಮಸ್ಕಾರ.

ಗಂಟಲು ಹೇಗಿದೆ? ಅಷ್ಟು ಜನರ ಮುಂದೆ ಅರಚುವವನು ಗಂಟಲು ಜೋಪಾನ ಮಾಡಿಕೊಳ್ಳಬೇಕು. ಮೂಲಂಗಿ ಹೆಚ್ಚಿ ಜೇನುತುಪ್ಪದಲ್ಲಿ ನೆನೆಸಿಟ್ಟು, ಬಿಟ್ಟ ರಸ ಕುಡಿ. ಅಮ್ಮ ಇದ್ದಾಗ ನಿನಗೆ ಅದನ್ನೇ ಮಾಡಿಕೊಡುತ್ತಿದ್ದಳು. ನನಗೆ ಕೆಮ್ಮು ಬಂದರೆ ಬಿಸಿನೀರು ಕುಡಿ ಅನ್ನುತ್ತಿದ್ದಳು, ಆ ಮಾತು ಬೇರೆ. ಅಪ್ಪ ಚೆನ್ನಾಗಿದ್ದಾರೆ. ಬಲಗೈ ಮಡಿಲು ಬಿಟ್ಟು ಏಳುವುದಿಲ್ಲ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ನಿನ್ನೆ ಸಂಜೆಯಿಂದ ನಮ್ಮ ಫೋನು ಬಡಿದುಕೊಳ್ಳುತ್ತಲೇ ಇದೆ. ನಿನ್ನದೇ ಎಂದು ಗೊತ್ತು. ನನ್ನ ಕೈಗೆ ಕಪ್ಪು ಮಸಿ ಆಗಿತ್ತು, ಎತ್ತಲಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ದಿನ ನಾನು ಫೋನು ಮಾಡಿ ಮಾಡಿ ಸೋತ ಮೇಲೆ, "ಮೀಟಿಂಗಲ್ಲಿದ್ದೆ ಕಣೇ, ಎತ್ತೋಕಾಗ್ಲಿಲ್ಲ" ಎಂದಿದ್ದೆಯಲ್ಲ, ನಾನೂ ಹಾಗೇ ಏನೋ ಮೀಟಿಂಗಿನಲ್ಲಿದ್ದೆ ಅಂದುಕೋ. ಹೇಳುವುದನ್ನೆಲ್ಲ ಈ ಪತ್ರದಲ್ಲೇ ಹೇಳುತ್ತೇನೆ.

ಬೆಟ್ಟದ ಕಡೆಯ ಒಣಗಾಳಿ ಈ ಸಲ ಬೇಗ ಶುರುವಾಯಿತು. ತುಟಿ ಒಡೆದರೂ ನಮಗೆ ಅದೇ ಲಕ್ಷ್ಮಿ. ಕೆಂಪು ಬಳಿದ ದಾರುಮ ಬೊಂಬೆಗಳನ್ನು ಕಡ್ಡಿಗೆ ಸಿಕ್ಕಿಸಿ ಅಂಗಳದಲ್ಲಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತವೆ. ಹೊಸ ವರ್ಷದ ಸಂತೆಗೆ ಮಾಡುವುದು ಇನ್ನೂ ರಾಶಿ ಇದೆ. ಆದರೂ ನಿನ್ನ ಆರ್ಡರನ್ನೇ ಮೊದಲು ಮುಗಿಸಿ, ನಿನ್ನೆಯ ಸಭೆಗೆ ಮುಟ್ಟಲೆಂದು ಗುರುವಾರವೇ ಲಾರಿ ಹತ್ತಿಸಿದೆ. ಸಭಿಕರಿಗೆ ಕೊಡಲು ಅಂಗೈಯಗಲದ ಐನೂರು, ಹೊಟ್ಟೆಯ ಮೇಲೆ ಚಿನ್ನದ ಬಣ್ಣದಲ್ಲಿ ನಿನ್ನ ಹೆಸರು. ಜೊತೆಗೆ ನಿನಗೊಂದು ದೊಡ್ಡದು. "ಕೊನೇ ಸಾಲಿನವರಿಗೂ ಕಾಣೋ ಹಾಗೆ ಇರ್ಬೇಕು ಟೊಕಿಯೆ, ಅದನ್ನ ತಳ್ಳೋದೇ ನನ್ನ ಭಾಷಣದ ಪ್ರಾಣ" ಎಂದು ನೀನು ಮೂರು ಸಲ ಹೇಳಿದ್ದೆ. ಅಪ್ಪ ಹೇಗಿದ್ದಾರೆ ಎಂದು ಒಂದು ಸಲವೂ ಕೇಳಲಿಲ್ಲ.

ಕೊನೆಯ ಸಾಲು ಎಂದಾಗ ನೆನಪಾಯಿತು, ನಿನಗೆ ಒಂದು ವಿಷಯ ಹೇಳಿಲ್ಲ. ವಸಂತದಲ್ಲಿ ನೀನು ಮಾಎಬಾಶಿಯ ದೊಡ್ಡ ಸಭಾಂಗಣದಲ್ಲಿ ಮಾತಾಡಿದೆಯಲ್ಲ, ನಾನು ಅಲ್ಲಿದ್ದೆ. ಪಕ್ಕದ ಮನೆಯ ತೋಫು ಮಾಡುವ ಹಿಸಾನೊ ಟಿಕೆಟ್ ತಂದು, "ಬಾರೇ, ನಿಮ್ಮಣ್ಣನ ಹೆಸರು ನಮ್ಮ ಅಂಗಡಿ ಬೋರ್ಡಿಗಿಂತ ದೊಡ್ಡದಾಗಿ ಬರ್ದಿದಾರೆ" ಎಂದು ಎಳೆದುಕೊಂಡು ಹೋಗಿದ್ದಳು. ನಿನ್ನನ್ನು ನೋಡಿ ಮೊದಲಿಗೆ ನನಗೆ ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ನೀನು, "ಗುರಿ ಇಟ್ಟ ದಿನ ದಾರುಮಕ್ಕೆ ಒಂದು ಕಣ್ಣು ಬರೀರಿ, ಮುಟ್ಟಿದ ದಿನ ಇನ್ನೊಂದು ಬರೀರಿ, ಅಲ್ಲೀವರೆಗೂ ಅದು ಒಕ್ಕಣ್ಣಲ್ಲಿ ನಿಮ್ಮನ್ನೇ ನೋಡ್ತಿರ್ಲಿ" ಎಂದೆ. ಬೊಂಬೆಯನ್ನು ತಳ್ಳಿ ಬೀಳಿಸಿ, ಅದು ತೂಗಾಡಿ ಎದ್ದು ಕೂತಾಗ, "ನೋಡಿದ್ರಾ? ಏಳು ಸಲ ಬಿದ್ರೆ ಎಂಟು ಸಲ ಏಳತ್ತೆ. ಯಾಕೆ? ತಳದಲ್ಲಿ ಮಣ್ಣಿದೆ. ಆ ಮಣ್ಣೇ ನಿಮ್ಮ ಛಲ" ಎಂದೆ. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಶುರುವಾಯಿತು ನಿನ್ನ ಕಥೆ. ಅಪ್ಪ ಚಿಕ್ಕಂದಿನಲ್ಲೇ ನಿನ್ನ ಕೈಗೆ ಕುಂಚ ಕೊಟ್ಟರಂತೆ. ಸಾವಿರಾರು ಹುಬ್ಬು ಬರೆದು ಬರೆದು ನಿನ್ನ ಬೆರಳು ಸೆಟೆದುಕೊಂಡಿತಂತೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಹೋಗಲಿ ಎಂದು ನುಂಗಿಕೊಳ್ಳುತ್ತಿದ್ದೆ. ನೀನು ನಿಲ್ಲಿಸಲಿಲ್ಲ. "ನನಗೊಬ್ಳು ತಂಗಿ ಇದಾಳೆ. ಪಾಪ, ಒಳ್ಳೇವ್ಳು. ಅದೇ ಮನೆ, ಅದೇ ಅಪ್ಪ. ಆದ್ರೆ ಅವಳ ದಾರುಮಕ್ಕೆ ಇವತ್ತಿಗೂ ಎರಡೂ ಕಣ್ಣಿಲ್ಲ. ಯಾಕಂದ್ರೆ ಅವಳಿಗೆ ಗುರೀನೇ ಇಲ್ಲ! ನೀವು ನನ್ನ ತಂಗಿ ಥರ ಆಗ್ತೀರಾ?" ಎಂದು ಕೇಳಿದೆ. ಸಭೆಯೆಲ್ಲ ಎದ್ದು ನಿಂತು "ಆಗಲ್ಲ!" ಎಂದು ಕೂಗಿತು. ಹಿಸಾನೊ ಕೂಡ ಹುಮ್ಮಸ್ಸಿನಲ್ಲಿ ಮುಷ್ಟಿ ಎತ್ತಿ ಕೂಗಿಬಿಟ್ಟಳು. ಕೂಗಿದ ಮೇಲೆ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವಳು ಅಳುತ್ತಿದ್ದಳು, ನಾನೇ ಸಮಾಧಾನ ಮಾಡಿದೆ.

ಅಣ್ಣಾ, ಈಗ ನಮ್ಮಿಬ್ಬರ ನಡುವೆ ಮಾತ್ರ. ನೀನು ಒಂದೇ ಒಂದು ಹುಬ್ಬು ಬರೆದಿದ್ದೀಯಾ? ಅಂಟಿನ ವಾಸನೆಗೆ ವಾಂತಿ ಬರುತ್ತದೆ ಎಂದು ಕೆಲಸದ ಕೋಣೆಯ ಹೊಸ್ತಿಲು ದಾಟದವನು ನೀನು. ಅಪ್ಪ ನಿನಗೆಂದು ಎತ್ತಿಟ್ಟ ಕುಂಚವನ್ನು ನೀನು ಮುಟ್ಟಲಿಲ್ಲ, ನಾನು ಮುಟ್ಟಿದರೆ "ಲೇ, ಅದು ನಿಮ್ಮಣ್ಣಂದು, ಕೆಳಗಿಡು" ಎಂದು ಗದರುತ್ತಿದ್ದರು. ಅವರು ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋದರೆ ಬೇಗ ಬರುವವರಲ್ಲವಲ್ಲ. ಬಿಸಿನೀರಿನಲ್ಲಿ ಕತ್ತಿನವರೆಗೆ ಮುಳುಗಿ ಊರ ಪುರಾಣವನ್ನೆಲ್ಲ ಮುಗಿಸಿಯೇ ಏಳುವುದು. ಆ ಹೊತ್ತಿನಲ್ಲಿ ನಾನು ಇನ್ನೂ ಬಣ್ಣ ಕಾಣದ ಬಿಳಿ ಬೊಂಬೆಗಳ ಬೆನ್ನಿನ ಮೇಲೆ ಹುಬ್ಬು ಬರೆಯುತ್ತಿದ್ದೆ. ಮರುದಿನ ಕೆಂಪು ಬಳಿದರೆ ಮುಚ್ಚಿಹೋಗುತ್ತಿತ್ತು. ಈ ಸೀಮೆಯ ಎಷ್ಟು ಮನೆಗಳ ದಾರುಮದ ಬೆನ್ನಿನಲ್ಲಿ, ಕೆಂಪಿನ ಅಡಿಯಲ್ಲಿ, ನನ್ನ ಸೊಟ್ಟ ಹುಬ್ಬುಗಳಿವೆಯೋ ಲೆಕ್ಕ ಇಟ್ಟಿಲ್ಲ.

ಒಂದು ದಿನ ಸಿಕ್ಕಿಬಿದ್ದೆ. ಅಪ್ಪ ಬೊಂಬೆಯನ್ನು ತಿರುಗಿಸಿ ನೋಡಿ, "ಹುಬ್ಬು ಅಂದ್ರೆ ರೆಕ್ಕೆ ಬಿಚ್ಚಿದ ಕೊಕ್ಕರೆ ಇದ್ದಂಗಿರ್ಬೇಕು. ಇದ್ಯಾವ್ದೇ, ಮಳೇಲಿ ನೆನೆದ ಕೋಳಿ?" ಎಂದರು. ಬಾಗಿಲಿನಲ್ಲಿ ನಿಂತಿದ್ದ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟೋ ವರ್ಷ ನನ್ನನ್ನು ಕೋಳಿ ಎಂದೇ ಕರೆದೆ. ಸಂತೆಯ ಮುಂಚಿನ ವಾರ ಒದ್ದೆ ಬೊಂಬೆಗಳನ್ನೆಲ್ಲ ಅಂಗಳದಲ್ಲೇ ಬಿಟ್ಟು ಟೋಕಿಯೊ ರೈಲು ಹತ್ತಿದಾಗಲೂ ನೀನು ಬರೆದಿಟ್ಟ ಚೀಟಿ ಇಷ್ಟೇ, "ಕೋಳೀನ ಕೂರಿಸ್ಕೊಳ್ಳಿ."

ಕೋಳಿಯೇ ಕೂತಿತು. ಪಾರ್ಶ್ವವಾಯುವಿನಿಂದ ಅಪ್ಪನ ಬಲಗೈ ಬಿದ್ದುಹೋದ ವರ್ಷ ಗೋಡೆಯುದ್ದಕ್ಕೂ ಮುಖವಿಲ್ಲದ ದಾರುಮಗಳು ನಿಂತಿದ್ದವು. ನಾನು ಯಾರನ್ನೂ ಕೇಳದೆ ಅಪ್ಪನ ಚಾಪೆಯ ಮೇಲೆ ಕೂತು ಕುಂಚ ಎತ್ತಿದೆ. ಅಪ್ಪ ಒಲೆಯ ಪಕ್ಕದಿಂದ ನೋಡುತ್ತಿದ್ದರು. "ಕೋಳಿ" ಎಂದರು. ಇನ್ನೊಂದು ಬರೆದೆ. "ಕೋಳಿ." ಬರೆದದ್ದಕ್ಕೆಲ್ಲ ಕೋಳಿ, ಕೋಳಿ ಎಂದು ಆ ಚಳಿಗಾಲವನ್ನೇ ಕಳೆದರು. ನೀನು ಕಲಿಸುತ್ತೀಯಲ್ಲ, ಬೆಳಿಗ್ಗೆ ಎದ್ದು ಕನ್ನಡಿ ನೋಡಿ ನಗಬೇಕು, ಗುರಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು ಎಂದು, ಅದ್ಯಾವುದನ್ನೂ ನಾನು ಮಾಡಿಲ್ಲ. ನನ್ನನ್ನು ಎಬ್ಬಿಸಿದ್ದು ಹೊಟ್ಟೆಯ ಉರಿ. ಬಾಗಿಲಿನಲ್ಲಿ ನಿಂತು ನಕ್ಕ ನಿನ್ನ ಮುಖ ನೆನೆಸಿಕೊಂಡರೆ ಸಾಕು, ಮರಗಟ್ಟಿದ ಬೆರಳಿಗೂ ಬಿಸಿ ಹತ್ತುತ್ತಿತ್ತು. ಎರಡನೇ ಚಳಿಗಾಲದಲ್ಲಿ ಒಂದು ದಿನ ಅಪ್ಪ ಕೋಳಿ ಅನ್ನಲಿಲ್ಲ. ಬೊಂಬೆಯನ್ನು ಎಡಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. "ಇದು ಹಾರತ್ತೆ ಕಣೇ" ಎಂದರು. ನಾನು ಅಡುಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಅಂಥವಳಿಗೆ ಗುರಿಯೇ ಇಲ್ಲ ಎಂದು ಊರಿಗೆಲ್ಲ ಡಂಗುರ ಹೊಡೆದೆಯಲ್ಲೋ!

ಇರಲಿ. ನಿನ್ನ ಮಾತನ್ನು ತೀರಾ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದುಕೊಳ್ಳಬೇಡ. ಮಾಎಬಾಶಿಯಿಂದ ಬಂದ ಸಂಜೆಯೇ ನನಗೆಂದು ಒಂದು ದಾರುಮ ಎತ್ತಿಕೊಂಡು, ಒಂದು ಗುರಿ ಇಟ್ಟುಕೊಂಡು, ಒಂದು ಕಣ್ಣು ಬರೆದು ಗೂಡಿನಲ್ಲಿಟ್ಟೆ. ಬೇಸಗೆ ಕಳೆಯಿತು, ಎಲೆ ಉದುರಿತು, ಅದು ಒಕ್ಕಣ್ಣಿನಲ್ಲಿ ನನ್ನನ್ನೇ ನೋಡುತ್ತಿತ್ತು. ನಿನ್ನ ಆರ್ಡರು ಬಂದ ದಿನ ಅದಕ್ಕೊಂದು ಕಿತ್ತಳೆ ಹಣ್ಣಿಟ್ಟು ಕೈ ಮುಗಿದೆ.

ಅತ್ತಿಗೆಗೆ ನನ್ನ ನೆನಪು ಹೇಳು. ಅವಳಿಗೆ ಇಷ್ಟ ಎಂದು ಮೂಲಂಗಿ ಉಪ್ಪಿನಕಾಯಿ ಹಾಕಿಟ್ಟಿದ್ದೇನೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸುತ್ತೇನೆ. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಚಳಿಯಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಕೋ. ಹೊಸ ವರ್ಷ ನಿನಗೆ ತಕ್ಕದ್ದನ್ನೇ ತರಲಿ.

ನಿನ್ನ ತಂಗಿ,
ಟೊಕಿಯೆ
(ಕೋಳಿ)

ಮರೆತಿದ್ದೆ, ಅಂಚೆಯವನು ಬರುವಷ್ಟರಲ್ಲಿ ಬರೆದುಬಿಡುತ್ತೇನೆ: ಐನೂರಕ್ಕೂ ತಳದಲ್ಲಿ ನನ್ನ ಕೈಯಾರೆ ಮಣ್ಣು ಕೂರಿಸಿದ್ದೇನೆ. ಬೆನ್ನಿನಲ್ಲಿ ಅಪ್ಪನ ಮುದ್ರೆ ಇದೆ, ನಿನ್ನ ಸಭಿಕರ ಮನೆಯಲ್ಲಿ ಅವು ನೂರು ಸಲ ಬಿದ್ದರೂ ಏಳುತ್ತವೆ. ನಿನ್ನ ದೊಡ್ಡದಕ್ಕೆ ಮಾತ್ರ ಮಣ್ಣು ಹಾಕಲಿಲ್ಲ, ಮುದ್ರೆಯನ್ನೂ ಒತ್ತಲಿಲ್ಲ. ಸಭೆಗೆ ಮುಂಚೆ ಒಂದು ಸಲ ತಳ್ಳಿ ನೋಡಿದ್ದರೆ ಗೊತ್ತಾಗುತ್ತಿತ್ತು. ದಾರುಮದವರ ಮನೆಯ ಮಗನಾದರೂ ನೀನು ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಲಾರಿಗೆ ಹಾಕುವ ಮುಂಚೆ ಅಪ್ಪ ಅದನ್ನು ಎಡಗೈಯಲ್ಲೇ ಎತ್ತಿ ನೋಡಿದರು. ನನ್ನ ಮುಖವನ್ನೂ ನೋಡಿದರು. "ಥೇಟ್ ಅವನೇ ಕಣೇ" ಎಂದು, ಕೆಮ್ಮು ಬರುವಷ್ಟು ನಕ್ಕು, ತಾವೇ ಹಗ್ಗದ ತುದಿ ಹಿಡಿದುಕೊಂಡು ಕಟ್ಟಿಸಿದರು. ಮಣ್ಣಿನ ಉಂಡೆ ಇಲ್ಲೇ ಕಿಟಕಿಯ ಹತ್ತಿರ ಇದೆ. ಬೇಕಿದ್ದರೆ ಬಂದು, ಹೊಸ್ತಿಲು ದಾಟಿ, ಕೂತು, ನೀನೇ ಕೂರಿಸಿಕೋ. ಮತ್ತೆ, ನಿನ್ನೆ ಸಂಜೆ ಫೋನು ಎತ್ತಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಮೊದಲನೆಯ ಸಲ ಅದು ಬಡಿದುಕೊಂಡ ಕೂಡಲೇ ನಾನು ನನ್ನ ದಾರುಮಕ್ಕೆ ಎರಡನೇ ಕಣ್ಣು ಬರೆಯಲು ಕೂತೆ.