ತುಂಬಿದ ಬಟ್ಟಲು

ಫೆಬ್ರವರಿ 19

ಬಿಷ್ಕೆಕ್ ತುಂಬ ಕರಗಿದ ಹಿಮದ ರಾಡಿ. ಬೂಟು ಒಣಗಲು ಹಾಕಿ ಬರೆಯುತ್ತಿದ್ದೇನೆ. ಮಾರ್ಚ್ ಎಂಟರ ಮಹಿಳಾ ದಿನದ ಮೆರವಣಿಗೆಯ ಸಭೆ ಜಗಳದಲ್ಲಿ ಮುಗಿಯಿತು. ನಮ್ಮ ಮಹಿಳಾ ಸಂಘದ ಪಕ್ಕದಲ್ಲೇ ತನ್ನ ಕ್ವಿಯರ್ ಬಳಗದ ಬ್ಯಾನರ್ ಇರಬೇಕು ಅಂತ ಜಿಬೆಕ್ ಹಟ. ಕಲ್ಲು ಬೀಳುತ್ತೆ, ಈ ವರ್ಷ ಬೇಡ ಅಂದೆ. ಹೋದ ವರ್ಷವೂ ಅದನ್ನೇ ಅಂದಿದ್ರಿ ಎಂದು ಕೋಟು ಹಾಕಿಕೊಂಡು ಹೊರಟೇಬಿಟ್ಟಳು. ಗಂಡಸುತನದ ಬಗ್ಗೆ ಕಾಲೇಜಿನಲ್ಲಿ ಪಾಠ ಮಾಡುವ ಉರ್ಮತ್ ಮೂಲೆಯಲ್ಲಿ ಕೂತು ತಲೆಯಾಡಿಸಿದ — ಇಬ್ಬರಿಗೂ.

ಫೆಬ್ರವರಿ 20

ಜಿಬೆಕ್ ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೆ ಬಿಡಲಿ.

ಸಂಜೆ — ಮತ್ತೆ ಮಾಡಿದೆ. ಆ ಹುಡುಗಿ ಇಲ್ಲದ ಮೆರವಣಿಗೆ ನನಗೆ ಬೇಡ.

ಫೆಬ್ರವರಿ 28

ರಾಜಿ ಮಾಡಿಸಲು ಉರ್ಮತ್ ಇಬ್ಬರನ್ನೂ ಊಟಕ್ಕೆ ಕರೆದಿದ್ದ. ಹೆಂಡತಿಯನ್ನು ಕೂರಿಸಿ ತಾನೇ ಪಲಾವ್ ಮಾಡಿದ್ದ, ತಳ ಹಿಡಿದಿತ್ತು. ಚಹಾವನ್ನೂ ತಾನೇ ಬಗ್ಗಿಸಿದ. ಬಟ್ಟಲು ತುಂಬ, ಅಂಚಿನವರೆಗೆ!

ಜಿಬೆಕ್ ಕೋಟಿಗೆ ಕೈ ಹಾಕಿದಳು. ನಾನೂ ಎದ್ದೆ. ನಮ್ಮ ಕಿರ್ಗಿಜರಲ್ಲಿ ಅರ್ಧ ಬಟ್ಟಲು ಕೊಟ್ಟರೆ ಕೂತಿರಿ ಅಂತ, ತುಂಬಿಸಿಕೊಟ್ಟರೆ ಕುಡಿದು ಹೊರಡಿ ಅಂತ.

"ಅಯ್ಯೋ ಅಕ್ಕ, ನಾನೇನ್ ಮಾಡ್ದೆ?"

ಪುಣ್ಯಾತ್ಮ ನಲವತ್ತು ದಾಟಿದರೂ ಒಂದು ಸಲವೂ ಚಹಾ ಬಗ್ಗಿಸಿದವನಲ್ಲ. ಬಗ್ಗಿಸಿದ್ದೆಲ್ಲ ಅಮ್ಮ, ತಂಗಿ, ಆಮೇಲೆ ಹೆಂಡತಿ. ಪದೇಪದೇ ಏಳೋದು ತಪ್ಪಲಿ ಅಂತ ತುಂಬಿಸಿದನಂತೆ. ಪಾಠ ಮಾತ್ರ ಗಂಡಸುತನದ್ದು! ನಾನೂ ಜಿಬೆಕ್ಕೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು. ಅವಳೇ ಕೂತು ಅವನ ಕೈಯಲ್ಲಿ ಅರ್ಧರ್ಧ ಬಗ್ಗಿಸೋ ಅಭ್ಯಾಸ ಮಾಡಿಸಿದಳು.

ಟ್ರಾಲಿಬಸ್ಸಿಗೆ ಕಾಯುವಾಗ ಮೆಲ್ಲಗೆ ಅಂದಳು: "ಉರ್ಮತಣ್ಣ ಗೊತ್ತಿಲ್ದೆ ತುಂಬಿಸಿದ್ರು. ನೀವು ಗೊತ್ತಿದ್ದೂ ನನ್ನ ಬಟ್ಟಲು ತುಂಬಿಸ್ತೀರಲ್ಲ ಸಾಲ್ಕಿನಕ್ಕ, ಪ್ರತಿ ವರ್ಷ."

ಬಸ್ ಬಂತು, ಹತ್ತಿ ಹೋದಳು.

ಮಾರ್ಚ್ 5

ಸಂಘದಲ್ಲಿ ಹೇಳಿದೆ, ಎರಡು ಬ್ಯಾನರ್ ಜೊತೆಗೇ ಹೋಗುತ್ತವೆ ಅಂತ. ಇಬ್ಬರು ಹಿರಿಯರು ಬರಲ್ಲ ಅಂದರು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಜಿಬೆಕ್‌ಗೆ ಮೆಸೇಜ್ ಹಾಕಿದೆ: ನಿನ್ನ ಬ್ಯಾನರ್ ತಗೊಂಡು ಮನೆಗೆ ಬಾ, ನಮ್ಮದರ ಜೊತೆ ಸೇರಿಸಿ ಹೊಲಿಯೋಣ. ಉತ್ತರ ಇಲ್ಲ.

ಮಾರ್ಚ್ 8, ಬೆಳಗ್ಗೆ

ಉರ್ಮತ್ ಫ್ಲಾಸ್ಕ್ ಹಿಡಿದು ಬಂದಿದ್ದಾನೆ. ಮೆರವಣಿಗೆಯ ಹಿಂದೆ ನಡೆದು ಚಹಾ ಕೊಡುತ್ತಾನಂತೆ. ಸೂಜಿಗೆ ದಾರ ಪೋಣಿಸಿಟ್ಟೆ. ಜಿಬೆಕ್‌ಗೆಂದು ಅರ್ಧ ಬಟ್ಟಲು ಬಗ್ಗಿಸಿ ಇಟ್ಟಿದ್ದು ಆರಿಹೋಯಿತು. ಇನ್ನೊಂದು ಬಗ್ಗಿಸಿದೆ... ಅದೂ ಆರುತ್ತಿದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಒಬ್ಬಳದಲ್ಲ. ಇಡೀ ಬಳಗವನ್ನೇ ಎಳೆದುಕೊಂಡು ಬಂದಿದ್ದಾಳೆ, ಕತ್ತೆ! ಇಷ್ಟು ಜನಕ್ಕೆ ಬಟ್ಟಲು ಎಲ್ಲಿಂದ ತರ—